ಶಿವಗಂಗಮ್ಮನ ಗಂಟಲು

ಬಸ್ಸು ಬಿಳಿಚೋಡು ಬಿಟ್ಟು ಜಗಳೂರಿನ ದಾರಿ ಹಿಡಿದ ಮೇಲೆ ತಿಪ್ಪೇರುದ್ರನಿಗೆ, ಬೆಳಿಗ್ಗೆ ಹೆಂಡತಿಯ ಯಾವ ಮಾತಿಗೆ ಹೂಂ ಅಂದು ಬಂದೆ ಎಂಬ ಯೋಚನೆ ಹತ್ತಿಕೊಂಡಿತು. ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ಶಿವಗಂಗಮ್ಮ ಒಳಗೆ ದೂರದಲ್ಲಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಏನೋ ಕೇಳಿದ್ದಳು. ಅದು ಪ್ರಶ್ನೆ ಎಂದು ಗೊತ್ತಾದದ್ದು ಕೊನೆಗೆ ಅವಳ ಗದ್ದ ಸ್ವಲ್ಪ ಮೇಲೆದ್ದದ್ದರಿಂದ. ಅವನು ಹೂಂ ಅಂದಿದ್ದ. ಹೂಂ ಅಂದರೆ ಸಾಮಾನ್ಯವಾಗಿ ನಡೆದುಹೋಗುತ್ತದೆ; ಊಹೂಂ ಅಂದರೆ ಯಾಕೆ ಎಂಬ ಇನ್ನೊಂದು ಪ್ರಶ್ನೆ ಬರುತ್ತದೆ, ಅದನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ. ಹೀಗೆ ಹೂಂ ಅನ್ನುತ್ತಲೇ ಅವನು ತನಗೆ ಬೇಡದ ಮದುವೆಗಳಿಗೆ ಹೋಗಿದ್ದ, ಒಮ್ಮೆ ಯಾರದೋ ಹೋತವನ್ನು ವಾರವೆಲ್ಲ ಹಿತ್ತಲಲ್ಲಿ ಕಟ್ಟಿಕೊಂಡು ಮೇವು ಹಾಕಿದ್ದ. ಕಂಡಕ್ಟರು ಬಂದು ಬಾಗಿ ಏನೋ ಹೇಳಿದ. "ಜಗಳೂರು, ಒಂದು" ಅಂದ ತಿಪ್ಪೇರುದ್ರ. ಹಿಂದಿನ ಸೀಟಿನ ಕಾಲೇಜು ಹುಡುಗಿಯರು ನಕ್ಕರು. ಎಲ್ಲರೂ ನಕ್ಕಾಗ ತಾನೂ ನಗುವುದನ್ನು ಅವನು ಕಲಿತಿದ್ದ, ನಕ್ಕ. ಕಂಡಕ್ಟರು ಕಿಟಕಿಯ ಮೇಲಿನ ಅಕ್ಷರದ ಕಡೆ ಬೆರಳು ತೋರಿಸಿದಾಗ, ಕೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಪಕ್ಕದಲ್ಲೇ ಕಂಬ ಹಿಡಿದು ನಿಂತಿರುವುದು ಕಾಣಿಸಿತು. ತಾನು ಕೂತದ್ದು ಹೆಂಗಸರ ಸೀಟು. ಎದ್ದ. ನಗು ಇನ್ನೂ ಅವನ ಮುಖದ ಮೇಲೆ ಹಾಗೇ ಇತ್ತು, ಅದನ್ನು ಯಾವಾಗ ತೆಗೆಯಬೇಕೆಂದು ತಿಳಿಯಲಿಲ್ಲ.

ಗಿರಣಿಯವನ ಕಿವಿ ಮಂದವಾದರೆ ಅದು ಬೇಗ ಹೊರಗೆ ಬೀಳುವುದಿಲ್ಲ. ಹಿಟ್ಟಿನ ಗಿರಣಿ ಓಡುವಾಗ ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಇಲ್ಲವೆ ಕೈಸನ್ನೆ ಮಾಡುತ್ತಾರೆ: ಬೆರಳು ಉಜ್ಜಿದರೆ ನುಣ್ಣಗೆ, ಮುಷ್ಟಿ ಬಿಗಿದರೆ ತರಿತರಿ. ಅಪ್ಪ ಹಾಕಿದ ಆ ಗಿರಣಿಯಲ್ಲಿ ಅವನು ಮೀಸೆ ಬರುವ ಮೊದಲಿನಿಂದ ನಿಂತಿದ್ದ. ಹಿಟ್ಟು ಹುಬ್ಬಿಗೆ ಕೂತದ್ದು ಕಂಡಷ್ಟು ಸುಲಭವಾಗಿ ಸದ್ದು ಕಿವಿಗೆ ಕೂತದ್ದು ಕಾಣಲಿಲ್ಲ. ಹೋದ ತಿಂಗಳು ಒಂದು ಮಧ್ಯಾಹ್ನ ಬೊಮ್ಮಕ್ಕ ಜೋಳದ ಡಬ್ಬಿ ತಂದಿದ್ದಳು. ಹಿಂದಿನ ಓಣಿಯವಳು, ಗಂಡನಿಲ್ಲದೆ ಮೊಮ್ಮಕ್ಕಳನ್ನು ಸಾಕುವವಳು. ತನ್ನ ಹಿಟ್ಟು ಬೀಳುವುದನ್ನು ನೋಡಲು ಬಾಗಿದಾಗ ಅವಳ ಸೆರಗು ಬೆಲ್ಟಿಗೆ ಸಿಕ್ಕಿತು. ತಿಪ್ಪೇರುದ್ರ ಬೆನ್ನು ಹಾಕಿಕೊಂಡು ಚೀಲದ ಬಾಯಿ ಕಟ್ಟುತ್ತಿದ್ದ. ಬೊಮ್ಮಕ್ಕ ಕೂಗಿದ್ದು ಎದುರಿನ ಚಾ ಅಂಗಡಿಯವರೆಗೂ ಕೇಳಿಸಿತ್ತಂತೆ. ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಶಿವಗಂಗಮ್ಮ ಒದ್ದೆ ಕೈಯಲ್ಲೇ ಓಡಿಬಂದು ಸ್ವಿಚ್ಚು ಎಳೆದಳು. ಅವನಿಗೆ ಗೊತ್ತಾದದ್ದು ಕಾಲ ಕೆಳಗಿನ ನೆಲದ ನಡುಕ ನಿಂತಾಗ. ತಿರುಗದೇ, ಗಂಟು ಬಿಗಿಯುತ್ತಲೇ, "ಕರೆಂಟು ಹೋಯ್ತಾ?" ಎಂದು ಕೇಳಿದ್ದ. ತಿರುಗಿ ನೋಡಿದರೆ ಬೊಮ್ಮಕ್ಕ ಗೋಡೆಗೆ ಒರಗಿ ಕುಸಿದಿದ್ದಳು, ಕುತ್ತಿಗೆಯ ಸುತ್ತ ಕೆಂಪಗೆ ಗೀರು. ಜನ ಸೇರಿದಾಗ ಶಿವಗಂಗಮ್ಮ, "ಅವರು ಆ ಕಡೆ ಮುಖ ಮಾಡಿದ್ರು, ನೋಡ್ಲಿಲ್ಲ" ಎಂದು ಎಲ್ಲರಿಗೂ ಗಟ್ಟಿಯಾಗಿ ಹೇಳಿದಳು. ನೋಡಲಿಲ್ಲ ಎಂದಳು, ಕೇಳಲಿಲ್ಲ ಎನ್ನಲಿಲ್ಲ. ಅದು ಆಕಸ್ಮಿಕವಾಗಿ ಬಂದ ಮಾತೆಂದೇ ಅವನು ತಿಳಿದ. ಆದರೆ "ಕರೆಂಟು ಹೋಯ್ತಾ" ಎಂಬ ತನ್ನದೇ ದನಿ ಅವನಿಗೆ, ಬೇರೇನೂ ಸರಿಯಾಗಿ ಕೇಳದ ಅವನಿಗೆ, ಊಟಕ್ಕೆ ಕೂತಾಗ, ಮಲಗಿದಾಗ, ಗಿರಣಿಯ ಬೀಗ ತೆಗೆಯುವಾಗ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಜಗಳೂರಿನಲ್ಲಿ ಬೀಜ ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲೆ ಪ್ರತಿ ಗುರುವಾರ ದಾವಣಗೆರೆಯಿಂದ ಕಿವಿ ಮೂಗು ಗಂಟಲಿನ ಡಾಕ್ಟರಮ್ಮ ಬರುತ್ತಿದ್ದರು. ಬರುತ್ತಾರೆ ಎನ್ನುವುದು ಬೋರ್ಡಿನ ಮಾತು. ಮೊದಲ ಸಲ ಅವನು ಗ್ಯಾಸಿನ ರೆಗ್ಯುಲೇಟರ್ ಬದಲಾಯಿಸುವ ನೆಪ ಹೇಳಿ ಬಂದಾಗ ಮೆಟ್ಟಿಲ ಬಾಯಿಗೇ ಬೀಗವಿತ್ತು. ಎರಡನೆಯ ಸಲ ಪಹಣಿ ತೆಗೆಸುವ ನೆಪ. ಡಾಕ್ಟರಮ್ಮ ಬಂದಿದ್ದರು, ಕಿವಿ ಪರೀಕ್ಷೆ ಮಾಡುವವನು ಬಂದಿರಲಿಲ್ಲ, ಅವನಿಲ್ಲದೆ ಏನೂ ಹೇಳಲಾಗುವುದಿಲ್ಲ ಎಂದಿದ್ದರು. ಎರಡು ಸಲವೂ ಅರ್ಧ ದಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು, ನೆಪದ ಕೆಲಸವನ್ನಾದರೂ ನಿಜ ಮಾಡಿಕೊಂಡು ಊರಿಗೆ ಮರಳಿದ್ದ. ಇವತ್ತಿನ ನೆಪ ಗಿರಣಿಯ ಬೆಲ್ಟು. ಮಹಡಿಯಲ್ಲಿ ಆಧಾರ್ ತೋರಿಸಿ ಹೆಸರು ಬರೆಸಿ, ತುಂಬಿದ ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಂಡ. ಒಳಬಾಗಿಲಿನ ಹತ್ತಿರ ಕೂತ ಹುಡುಗಿ ಹೆಸರು ಕೂಗುತ್ತಿದ್ದಳು, ಅವಳ ಬಾಯಿಗೆ ಮಾಸ್ಕು. ಬಾಯಿ ಕಾಣದಿದ್ದರೆ ಅವನ ಪಾಲಿಗೆ ಮಾತೇ ಇಲ್ಲ. ಆದ್ದರಿಂದ ಅವನು ಅವಳ ಕಣ್ಣು ನೋಡುತ್ತ ಕೂತ, ಕಣ್ಣು ತನ್ನ ಕಡೆ ಬಂದರೆ ಏಳಬೇಕೆಂದು. ಅವಳ ಕಣ್ಣು ಯಾರ ಕಡೆಯೂ ಬರಲಿಲ್ಲ, ಕೈಯಲ್ಲಿನ ಚೀಟಿ ನೋಡಿ ಚೀಟಿಗೇ ಹೇಳುವವಳಂತೆ ಕೂಗುತ್ತಿದ್ದಳು. ಇದು ಕಿವಿಯ ಡಾಕ್ಟರ ಜಾಗ, ಇಲ್ಲಿಗೆ ಬರುವವರಿಗೆ ಕಿವಿ ಕೇಳುವುದಿಲ್ಲ, ಇಲ್ಲಿಯೂ ಹೆಸರು ಕೂಗಿಯೇ ಕರೆಯುತ್ತಾರೆ ಎಂಬುದು ಹೊಳೆದು ಅವನಿಗೆ ನಗು ಬಂತು. ಹೇಳಿ ನಗಲು ಪಕ್ಕದಲ್ಲಿ ತನ್ನವರು ಯಾರೂ ಇರಲಿಲ್ಲ. ಅವನಿಗಿಂತ ಹಿಂದೆ ಬಂದವರು ಎದ್ದು ಒಳಗೆ ಹೋದರು, ಕಿವಿಗೆ ಹತ್ತಿ ಇಟ್ಟುಕೊಂಡು ಹೊರಗೆ ಬಂದರು. ಮೂಗಿಗೆ ಕಡಲೆಕಾಳು ಹಾಕಿಕೊಂಡ ಕೂಸು ಅಳುತ್ತ ಹೋಗಿ ನಗುತ್ತ ಬಂತು. ಎದ್ದು ಕೇಳಿದರೆ ಎಲ್ಲರೂ ನೋಡುತ್ತಾರೆ. ಕೇಳದೆ ಕೂತರೆ ಇವತ್ತೂ ಹೋಗುತ್ತದೆ. ಕೊನೆಗೆ ಎದ್ದು ಹೋಗಿ, "ತಿಪ್ಪೇರುದ್ರ ಅಂತ, ಬಿಳಿಚೋಡು" ಅಂದ. ಹುಡುಗಿ ಮಾಸ್ಕು ಕೆಳಗೆಳೆದು, ಈಗ ಅವನಿಗೆ ಕೇಳುವಷ್ಟು ಜೋರಾಗಿ, ಬೆಂಚಿನವರಿಗೆಲ್ಲ ಕೇಳುವಷ್ಟು ಜೋರಾಗಿ, "ಆಗಿಂದ ಎಷ್ಟು ಸಲ ಕೂಗಿದೀನಿ! ಇಲ್ಲೇ ಕೂತ್ಕೊಂಡು ಕಿವಿ ಕೇಳಲ್ವೇನ್ರೀ? ಇನ್ನು ಎಲ್ಲರದೂ ಆದ್ಮೇಲೆ" ಅಂದಳು. ಅಂದಮೇಲೆ ತಾನು ಏನಂದೆ ಎಂದು ಅವಳಿಗೇ ಹೊಳೆದು ಮಾಸ್ಕು ಮೇಲೆಳೆದುಕೊಂಡಳು. ಅವನು ಹಿಂತಿರುಗಿ ಬಂದ. ಬೆಂಚಿನ ಮೇಲಿನ ಜಾಗ ಹೋಗಿತ್ತು. ಮೆಟ್ಟಿಲ ಮೇಲೆ ಕೂತ.

ಹೋಗಿಬಿಡೋಣ, ಬೆಲ್ಟಾದರೂ ತೆಗೆದುಕೊಂಡು ಹೋಗೋಣ ಎಂದು ಅಂದುಕೊಳ್ಳುತ್ತಿರುವಾಗ ಕೆಳಗಿನಿಂದ ಒಂದು ಹಸಿರು ಸೀರೆ ಮೆಟ್ಟಿಲು ಹತ್ತಿ ಬಂತು. ಆ ಸೀರೆಯನ್ನು ಅವನು ನೋಡಿದ್ದು ಮದುವೆ ಮುಂಜಿಗಳಲ್ಲಿ ಮಾತ್ರ. ಅದನ್ನು ಉಟ್ಟವಳು ಶಿವಗಂಗಮ್ಮ ಎಂದು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಏದುಸಿರು ಬಿಡುತ್ತ ಅವನ ಎಡಕ್ಕೆ ಕೂತಳು.

"ನಾನೂ ಬರ್ಲಾ ಅಂತ ಕೇಳಿದ್ರೆ ಹೂಂ ಅಂದ್ರಿ. ಸೀರೆ ಉಟ್ಕೊಂಡು ಹೊರಗೆ ಬರೋದ್ರಾಗೆ ನೀವೇ ಇಲ್ಲ. ಫೋನು ಮಾಡಿದ್ರೆ ಎತ್ತಲ್ಲ. ಮುಂದಿನ ಬಸ್ಸಿಗೆ ಬಂದೆ."

"ಇಲ್ಲಿಗೆ ಅಂತ ನಿನಗೆ ಹೆಂಗೆ ಗೊತ್ತಾಯ್ತು?"

"ಬೆಲ್ಟು ತರಾಕೆ ಹೋಗೋರು ಆಧಾರ್ ಕಾರ್ಡ್ ಯಾಕೆ ಜೇಬಿಗೆ ಇಟ್ಕೋತಾರೆ? ಅದೂ ಕಿವಿ ಡಾಕ್ಟ್ರು ಬರೋ ಗುರುವಾರ ಗುರುವಾರ?"

ಬೆಂಚಿನವರೆಲ್ಲ ತಿರುಗಿ ನೋಡಿದರು. ಅವಳ ದನಿ ಅಂಥದು, ಒರಟು, ದೊಡ್ಡದು, ಅಂಚಿನಲ್ಲಿ ಸೀಳಿದ್ದು. ಊರಿನಲ್ಲಿ ಅವಳಿಗೆ ಗಿರಣಿ ಗಂಗಮ್ಮ ಎಂದು ಹೆಸರು, ಗಿರಣಿ ನಿಂತರೂ ಗಂಗಮ್ಮ ನಿಲ್ಲಲ್ಲ ಎಂದು ಗಂಡಸರು ನಗುತ್ತಿದ್ದರು, ಅದು ಅವನಿಗೂ ಗೊತ್ತಿತ್ತು. ಅವಳು ಎದ್ದು ನೇರ ಆ ಹುಡುಗಿಯ ಹತ್ತಿರ ಹೋದಳು. ಜಗಳವಾಗುತ್ತದೆ ಎಂದು ತಿಪ್ಪೇರುದ್ರ ಗೋಡೆ ನೋಡಿದ. ಜಗಳವಾಗಲಿಲ್ಲ. "ಯವ್ವಾ, ಇವರಿಗೆ ಕೇಳಲ್ಲ ಅಂತಾನೇ ಕರ್ಕೊಂಡು ಬಂದಿರೋದು. ಹೆಸರು ಕೂಗಬ್ಯಾಡ, ನನಗೆ ಕೈ ಮಾಡು. ಬೆಳಿಗ್ಗೆಯಿಂದ ನಿನಗೂ ಕೂಗಿ ಸಾಕಾಗೈತೆ, ನೀರಾದ್ರೂ ಕುಡಿದೆಯೇನು?" ಅಂದಳು. ಹುಡುಗಿ ಏನೋ ಹೇಳಿದಳು. ಶಿವಗಂಗಮ್ಮ ನಕ್ಕಳು. ಬೆಂಚಿನ ಮೇಲೆ ಇಬ್ಬರಿಗೆ ಜಾಗವೂ ಆಯಿತು. ತಾನು ಅಷ್ಟು ಹೊತ್ತು ಎದೆಯೊಳಗೆ ಬಚ್ಚಿಟ್ಟುಕೊಂಡು ಬೆವರಿದ ಮಾತನ್ನು ಇವಳು ಮಳೆ ಬಂತು ಅನ್ನುವ ಹಾಗೆ ಹೇಳಿಬಿಟ್ಟಳಲ್ಲ ಎಂದು ಅವನಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಇನ್ನೊಂದು ಇತ್ತು. ಕೂಡಲೇ ಅದರ ಹೆಸರು ಹೊಳೆಯಲಿಲ್ಲ.

ಕಿವಿ ಪರೀಕ್ಷೆ ಮಾಡುವವನ ಹೆಸರು ವಿನಯ್ ಕುಮಾರ್, ಶರ್ಟಿನ ಮೇಲೆ ಬರೆದಿತ್ತು. ಗಾಜಿನ ಸಣ್ಣ ಗೂಡಿನೊಳಗೆ ಕೂರಿಸಿ, ಕಿವಿಗೆ ದಪ್ಪನೆಯ ಹೆಡ್‌ಫೋನು ಹಾಕಿ, ಕೈಗೆ ಗುಂಡಿಯೊಂದನ್ನು ಕೊಟ್ಟ. ಸದ್ದು ಕೇಳಿಸಿದರೆ ಒತ್ತಿ, ಎಷ್ಟು ಸಣ್ಣದಿದ್ದರೂ ಒತ್ತಿ ಎಂದು ಕೈಯಲ್ಲಿ ತೋರಿಸಿದ. ಬಾಗಿಲು ಮುಚ್ಚಿತು. ಏನೂ ಇರಲಿಲ್ಲ. ಆಮೇಲೆ ದೂರದಲ್ಲಿ ಕೀ ಎಂದು ಏನೋ, ಅದು ಸದ್ದೋ ಅವನ ತಲೆಯೊಳಗೆ ಯಾವಾಗಲೂ ಇರುವ ಕೀಟವೋ. ಒತ್ತಿದ. ಗಾಜಿನ ಆಚೆ ವಿನಯನ ಹುಬ್ಬು ನೋಡಿದ, ಹುಬ್ಬು ಎದ್ದಾಗ ಒತ್ತಿದ, ಕೈ ಮೆಷೀನಿನ ಮೇಲೆ ಸರಿದಾಗ ಒತ್ತಿದ. ಚೆನ್ನಾಗಿಯೇ ಹೋಗುತ್ತಿದೆ, ಅಷ್ಟೇನೂ ಕೆಟ್ಟಿಲ್ಲ ಅನ್ನಿಸಿ ಒಂದು ಧೈರ್ಯ ಬಂತು. ಬಾಗಿಲು ತೆರೆಯಿತು. ವಿನಯ್ ಅವನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದ:

"ಯಜಮಾನ್ರೇ, ನಾನು ಸದ್ದು ಕೊಡದೇ ಇದ್ದಾಗಲೂ ಒತ್ತಿದೀರಿ. ಇದು ಪಾಸು ಫೇಲು ಮಾಡೋ ಪರೀಕ್ಷೆ ಅಲ್ಲ. ಕೇಳದಿದ್ರೆ ಸುಮ್ನಿರಿ. ಆ ಕಡೆ ತಿರುಗಿ ಕೂತ್ಕೊಳ್ಳಿ."

ಗೋಡೆಯ ಕಡೆ ತಿರುಗಿ ಕೂತ. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಬೆರಳು ತಾನಾಗಿ ಒತ್ತಲು ಹೋಗುತ್ತಿತ್ತು, ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. ಇಷ್ಟು ವರ್ಷ ನಾನು ಮಾಡಿದ್ದು ಇದನ್ನೇ, ಕೇಳದೇ ಒತ್ತಿದ್ದು, ಅಂದುಕೊಂಡ. ಸುಣ್ಣದ ಗೋಡೆ ಅವನೆದುರು ಬಿಳಿಯಾಗಿ ಉದ್ದಕ್ಕೂ ಇತ್ತು, ಅದರಲ್ಲಿ ಏನೂ ಕೇಳಿಸಲಿಲ್ಲ, ಏನೂ ಕೇಳಿಸಲಿಲ್ಲ.

ಹೊರಗೆ ಬಂದಾಗ ವಿನಯ್ ಶಿವಗಂಗಮ್ಮನನ್ನು ಕೇಳುತ್ತಿದ್ದ, ಎಷ್ಟು ವರ್ಷದಿಂದ ಹೀಗಿದೆ ಎಂದು. ಅವಳು ಹೇಳುತ್ತಿದ್ದಳು, ಅವಳ ಮಾತು ಮಾತ್ರ ಅವನಿಗೆ ಸಲೀಸಾಗಿ ಕೇಳುತ್ತಿತ್ತು. "ಮಗಳು ಅಕ್ಷಿತಾ ಹೈಸ್ಕೂಲಿಗೆ ಸೇರಿದ ವರ್ಷದಿಂದ. ಮೊದಲು ಬಲಗಿವಿ, ಮೋಟಾರಿನ ಕಡೆ ಇರೋದು. ಅದಕ್ಕೇ ನಾನು ಎಡಕ್ಕೇ ಕೂರೋದು. ಆಮೇಲೆ ಎಡದ್ದೂ ಹೋಯ್ತು. ಹೆಣ್ಮಕ್ಕಳ ದನಿ ಕಿವಿಗೆ ಹತ್ತಲ್ಲ, ಗಂಡಸರದು ಅಷ್ಟೋ ಇಷ್ಟೋ ಹತ್ತುತೈತೆ. ಅಕ್ಷಿತಾ ಫೋನಿನಾಗೆ ಮಾತಾಡಿದ್ದನ್ನ ನಾನು ತಿರುಗಿ ಒಂದ್ಸಲ ಹೇಳ್ತೀನಿ. ಯಾರಾದ್ರೂ ಮನಿಗೆ ಬಂದ್ರೆ, ಅವರು ಏನಂತಾರೋ ಅದನ್ನೇ ನಾನು, ಹೌದಾ, ಹಿಂಗಾಯ್ತಾ, ಅಂತ ಗಟ್ಟಿಯಾಗಿ ಕೇಳ್ತೀನಿ. ಇವರಿಗೆ ಹತ್ತಲಿ ಅಂತ." ವಿನಯ್ ಒಳಗಿನ ಗೂಡಿಗೆ ಇನ್ನೊಬ್ಬರನ್ನು ಕೂರಿಸಿದ್ದ. "ಅಮ್ಮಾ, ಸ್ವಲ್ಪ ಮೆಲ್ಲಗೆ, ಒಳಗೆ ಟೆಸ್ಟ್ ನಡೀತಿದೆ" ಅಂದ. "ಮೆಲ್ಲಗೆ ಬರಲ್ಲಪ್ಪ ನನಗೆ ಈಗ" ಅಂದಳು ಶಿವಗಂಗಮ್ಮ. "ಇದೇ ನನ್ನ ದನಿ ಆಗೋಗೈತೆ."

ತಿಪ್ಪೇರುದ್ರ ಕೈಯಲ್ಲಿದ್ದ ಪರೀಕ್ಷೆಯ ಚೀಟಿಯನ್ನು ಮಡಚಿದ, ಬಿಚ್ಚಿದ. ಮೆಲ್ಲಗೆ ಎಂಬ ಮಾತಿಗೆ ಹಳೆಯದೊಂದು ನೆನಪಾಯಿತು: ಬಸವಾಪಟ್ಟಣದಲ್ಲಿ ಅವಳ ಅಣ್ಣನ ಮನೆ, ಹೊಸ ಮನೆಯ ಪೂಜೆಯ ದಿನ, ಹಜಾರದಲ್ಲಿ ಸಾಲಾಗಿ ಕೂತು ಊಟ. ಅಣ್ಣ ಏನೋ ಕೇಳಿದ್ದಕ್ಕೆ ಇವಳು ದೊಡ್ಡ ದನಿಯಲ್ಲಿ, "ಗಿರಣಿಗೆ ಹೊಸ ಮೋಟಾರು ಹಾಕ್ಸಿದ್ರಾ ಅಂತ ಕೇಳ್ತೀಯೇನಣ್ಣ?" ಎಂದು ಅವನ ಕಡೆ ನೋಡಿದ್ದಳು. ಯಾರೋ ಹೆಂಗಸು, ನಮ್ಮ ಗಂಗಾ ಎಷ್ಟು ಮೆತ್ತಗಿದ್ದಳು, ಗಿರಣಿಗೆ ಕೊಟ್ಟು ಗಿರಣಿಯೇ ಆದಳು ಅಂದಿರಬೇಕು, ಸಾಲೆಲ್ಲ ನಕ್ಕಿತು. ಅವನಿಗೆ ನಾಚಿಕೆಯಾಗಿ, ಎಲ್ಲರೆದುರು, "ಸ್ವಲ್ಪ ಮೆಲ್ಲಗೆ ಮಾತಾಡು, ಮಾನ ಮರ್ಯಾದೆ ಐತೋ ಇಲ್ವೋ" ಎಂದಿದ್ದ. ಅವಳು ಎಲೆ ನೋಡಿದಳು. ಆ ದಿನ ಸಂಜೆಯವರೆಗೆ ಅವಳು ಬಾಯಿ ತೆರೆಯಲಿಲ್ಲ, ಆ ದಿನ ಸಂಜೆಯವರೆಗೆ ಆ ಮನೆಯಲ್ಲಿ ಅವನಿಗೆ ಒಬ್ಬರ ಮಾತೂ ತಿಳಿಯಲಿಲ್ಲ. ಹಜಾರದ ಕಂಬಕ್ಕೆ ಒರಗಿ, ಇವರೆಲ್ಲ ಯಾಕೆ ನನ್ನನ್ನು ಬಿಟ್ಟು ಮಾತಾಡುತ್ತಿದ್ದಾರೆ ಎಂದು ಅನುಮಾನಪಡುತ್ತ ಕೂತಿದ್ದ. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಆಗ ಬರಲಿಲ್ಲ. ತಾನು ಬಚ್ಚಿಟ್ಟದ್ದನ್ನು ಇವಳು ಇಷ್ಟು ವರ್ಷ ತನಗಿಂತ ಚೆನ್ನಾಗಿ ಬಚ್ಚಿಟ್ಟಿದ್ದಳು. ಅದಕ್ಕೆ ಅವಳು ತನ್ನ ದನಿಯನ್ನೇ ಹೊದಿಸಿದ್ದಳು.

ಡಾಕ್ಟರಮ್ಮ ವಯಸ್ಸಾದವರು, ಅವಸರದವರು. ಚೀಟಿಯ ಮೇಲಿನ ಗೆರೆ ನೋಡಿ, ನರದ ತೊಂದರೆ, ಸದ್ದಿನಿಂದ ಆದದ್ದು, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು, ಕಿವಿಗೆ ಮಿಷನ್ ಹಾಕಿದರೆ ಅನುಕೂಲವಾಗುತ್ತದೆ, ಅದಕ್ಕೆ ದಾವಣಗೆರೆಗೇ ಬರಬೇಕು, ಇಲ್ಲಿ ಕಿವಿಯ ಅಚ್ಚು ತೆಗೆಯುವುದಿಲ್ಲ ಎಂದರು. ಶಿವಗಂಗಮ್ಮ ಅದನ್ನೆಲ್ಲ ಅವನಿಗೆ ತಿರುಗಿ ಹೇಳತೊಡಗಿದಳು. ನಡುವೆ ಒಂದು ಪದ ಗಾಳಿಯಾಗಿ ಹೋಯಿತು. ಕೆಮ್ಮಿ ಮತ್ತೆ ಶುರುಮಾಡಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ನಿಮ್ಮ ದನಿ ಯಾವಾಗಿಂದ ಹೀಗಿದೆ?"

"ನಂದೇನು ಬಿಡ್ರಿ. ಇವರದು ನೋಡ್ರಿ."

"ಇವರದು ನೋಡಿದ್ದಾಯ್ತು. ಬಾಯಿ ತೆಗೀರಿ."

ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು, ಉದ್ದ ಕಡ್ಡಿಯ ತುದಿಯ ಸಣ್ಣ ಕನ್ನಡಿಯನ್ನು ಒಳಗಿಟ್ಟು ಈ ಎನ್ನಿ, ಈ ಎನ್ನಿ ಎಂದರು. ಶಿವಗಂಗಮ್ಮನ ಕಣ್ಣಲ್ಲಿ ನೀರು ಬಂತು. ಡಾಕ್ಟರಮ್ಮ ಬಹಳ ಹೊತ್ತು ನೋಡಿದರು. ಅವರ ಬೆನ್ನು ಮಾತ್ರ ಅವನಿಗೆ ಕಾಣುತ್ತಿತ್ತು. ಆಮೇಲೆ ಅವರು ಮಾತಾಡಿದ್ದು ಶಿವಗಂಗಮ್ಮನಿಗೆ. ಅವಳು ಅದನ್ನು ತಿರುಗಿ ಹೇಳಲಿಲ್ಲ. ಅವಳ ಮುಖದಿಂದ ಬಣ್ಣ ಇಳಿದದ್ದನ್ನು ನೋಡಿ ತಿಪ್ಪೇರುದ್ರ, ಹೂಂ ಅನ್ನದೆ, ತಲೆ ಆಡಿಸದೆ, ಡಾಕ್ಟರಮ್ಮನ ಮೇಜಿನ ಮೇಲೆ ಎರಡೂ ಕೈ ಊರಿದ.

"ನನಗೆ ಕೇಳ್ಲಿಲ್ಲ ಡಾಕ್ಟ್ರೇ. ಅವಳಿಗೆ ಏನಾಗೈತೆ ಅಂತ ನನಗೆ ಹೇಳ್ರಿ."

ಡಾಕ್ಟರಮ್ಮ ಅವನ ಕಡೆ ಮುಖ ಮಾಡಿ ಒಂದೊಂದೇ ಪದ ಹೇಳಿದರು. ಗಂಟಲಲ್ಲಿ, ದನಿ ಹೊರಡುವ ಜಾಗದಲ್ಲಿ, ಎರಡೂ ಕಡೆ ಸಣ್ಣ ಗಂಟು. ಕೂಗಿ ಕೂಗಿ ಆಗುವಂಥದು ಎಂದೇ ಕಾಣುತ್ತದೆ. ಹೆದರಬೇಕಾಗಿಲ್ಲ, ಆದರೆ ಬಿಟ್ಟರೆ ದನಿಯೇ ಹೋದೀತು. ಇವತ್ತಿನಿಂದ ಪೂರ್ತಿ ಮೌನ. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಕೆಲವು ವಾರ ಬಿಟ್ಟು ದಾವಣಗೆರೆಯಲ್ಲಿ ಕ್ಯಾಮೆರಾ ಹಾಕಿಸಿ ನೋಡಬೇಕು, ಕರಗದಿದ್ದರೆ ಆಪರೇಷನ್. "ಇವರು ಮಾತಾಡಬಾರದು. ಮಾತಾಡೋ ಹಾಗೆ ನೀವು ಮಾಡಬಾರದು. ತಿಳೀತಾ?" ತಿಳೀತು ಅಂದ. ಶಿವಗಂಗಮ್ಮ ಏನೋ ಹೇಳಲು ಬಾಯಿ ತೆರೆದಳು, ಅವನು ಕೈ ಎತ್ತಿದ. ಅವಳ ಬಾಯಿ ಮುಚ್ಚಿತು. ಇಬ್ಬರೂ ಮೆಟ್ಟಿಲು ಇಳಿದರು. ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು, ಲಾರಿ; ಹಾರನ್ ಸದ್ದೂ ಇರಬೇಕು.

ಕಬ್ಬಿಣದ ಅಂಗಡಿಗೆ ಹೋಗಿ ಬೆಲ್ಟಿಗೆ ಅಡ್ಡ ಹಾಕುವ ಜಾಲರಿ ಕೇಳಿದ. ಅಂಗಡಿಯವನು ಏನೋ ಕೇಳಿದ. ಅಭ್ಯಾಸದಂತೆ ಅವನು ಹೆಂಡತಿಯ ಕಡೆ ನೋಡಿದ. ಅವಳ ತುಟಿ ಅಲುಗಿತು, ನಿಂತಿತು, ಎರಡೂ ಕೈ ಅಗಲಿಸಿ ಅಳತೆ ತೋರಿಸಿದಳು. ಬಸ್ಸಿನಲ್ಲಿ ಅವಳು ಎಡಕ್ಕೆ ಕೂತು ಕಿಟಕಿಗೆ ತಲೆ ಒರಗಿಸಿದಳು. ಅವನು ಅವಳನ್ನು ನೋಡಿದ. ವರ್ಷಗಟ್ಟಲೆ ಅವನು ನೋಡಿದ್ದು ಅವಳ ತುಟಿಯನ್ನು, ಮಾತು ಹೆಕ್ಕಲು. ತುಟಿ ಈಗ ಸುಮ್ಮನಿದ್ದುದರಿಂದ ಉಳಿದ ಮುಖ ಕಾಣಿಸಿತು: ಕಿವಿಯ ಪಕ್ಕ ನರೆತ ಕೂದಲು, ಹುಬ್ಬಿನ ನಡುವೆ ಆಳವಾಗಿ ಬಿದ್ದ ಒಂದು ಗೆರೆ. ಜೋರಾಗಿ ಮಾತಾಡುವವರಿಗೆ ಬೀಳುವ ಗೆರೆ. ಮೆಟ್ಟಿಲ ಮೇಲೆ ಸಿಟ್ಟಿನ ಕೆಳಗೆ ಇದ್ದದ್ದು ಏನೆಂದು ಈಗ ತಿಳಿಯಿತು. ಇಷ್ಟು ವರ್ಷ ಒಟ್ಟಿಗಿದ್ದವಳ ಎದುರು ಎದ್ದು ನಿಲ್ಲಬೇಕು ಅನ್ನಿಸುವಂಥದು ಅದು. ಬಸ್ಸಿನಲ್ಲಿ ನಿಲ್ಲುವುದು ಹೇಗೆ, ನಿಂತು ಹೇಳುವುದು ಏನು. ಜಾಲರಿಯ ಸುರುಳಿಯನ್ನು ಅವಳ ಕಾಲಿಗೆ ತಾಗದಂತೆ ತನ್ನ ಕಡೆಗೆ ಎಳೆದುಕೊಂಡ.

ಮುಂದೆ ದಾವಣಗೆರೆಗೆ ಹೋದದ್ದು, ಕ್ಯಾಮೆರಾ ನೋಡುವವರು ರಜೆಯಲ್ಲಿದ್ದುದರಿಂದ ಬರಿಗೈಲಿ ಬಂದು ಮತ್ತೆ ಹೋದದ್ದು, ಗಂಟು ಬಹುಪಾಲು ಕರಗಿದೆ, ಕತ್ತರಿ ಬೇಡ ಎಂದು ಡಾಕ್ಟರಮ್ಮ ನಕ್ಕದ್ದು, ಅವನ ಕಿವಿಗೆ ಮಿಷನ್ ಬಂದು ಮೊದಲ ದಿನ ಪಾತ್ರೆಯ ಸದ್ದಿಗೆ ಬೆಚ್ಚಿ ಅದನ್ನು ಕಿತ್ತಿಟ್ಟದ್ದು, ಎಲ್ಲ ಆಮೇಲೆ ನಡೆಯಿತು. ಅದಕ್ಕೆ ಮೊದಲು ಆ ವಾರ. ಅವಳು ಮಾತಾಡಲಿಲ್ಲ. ಒಂದು ಸಲವೂ ತಪ್ಪಲಿಲ್ಲ, ಒಲೆಯ ಮೇಲೆ ಕೈ ಸುಟ್ಟಾಗಲೂ ಹಲ್ಲು ಕಚ್ಚಿದಳು. ಹಿಡಿದದ್ದನ್ನು ಬಿಡದ ಆ ಗಟ್ಟಿತನವನ್ನು ಅವನು ಪಕ್ಕದಲ್ಲಿ ಕೂತು ನೋಡುತ್ತಿದ್ದ, ಈಗಷ್ಟೇ ಮದುವೆಯಾಗಿ ಬಂದವಳನ್ನು ನೋಡುವ ಹಾಗೆ. ಜಾಲರಿ ಕೂರಿಸುವವರೆಗೆ ಗಿರಣಿ ಮುಚ್ಚಿದ. ಜಾಲರಿ ಕೂತ ದಿನ ಬಾಗಿಲು ತೆಗೆದಾಗ ಹೆಂಗಸರು ಡಬ್ಬಿಗಳೊಂದಿಗೆ ನಿಂತಿದ್ದರು. ಬೊಮ್ಮಕ್ಕನೂ ಇದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲ್ಲರಿಗಿಂತ ಹಿಂದೆ. ಮೋಟಾರು ಇನ್ನೂ ಹಾಕಿರಲಿಲ್ಲ. ಯಾರೋ ಒಳಮನೆಯ ಕಡೆ ಕತ್ತು ಚಾಚಿ ಕೇಳಿದರು; ತುಟಿಯಲ್ಲಿ ಗಂಗಮ್ಮ ಎಂಬ ಹೆಸರು ಅವನಿಗೆ ಕಂಡಿತು. ಒಂದು ವಾರದಿಂದ ಅವಳ ದನಿಯಿಲ್ಲದೆ ಓಣಿಗೆಲ್ಲ ಏನೋ ಕೆಟ್ಟ ಅನುಮಾನ ಹುಟ್ಟಿತ್ತು. ಶಿವಗಂಗಮ್ಮ ಬಾಗಿಲಿಗೆ ಬಂದು ನಿಂತು, ಏನೂ ಇಲ್ಲ ಎಂದು ಕೈ ಆಡಿಸುತ್ತಿದ್ದಳು. ಇನ್ನು ಅವಳ ಬದಲು ಮಾತಾಡುವವನು ಅವನೊಬ್ಬನೇ.

"ನನಗೆ ಕಿವಿ ಕೇಳಲ್ಲ" ಅಂದ ತಿಪ್ಪೇರುದ್ರ. "ಬಹಳ ವರ್ಷ ಆಯ್ತು. ಬೊಮ್ಮಕ್ಕ, ಅವತ್ತು ನೀನು ಕೂಗಿದ್ದು ನನಗೆ ಕೇಳ್ಲಿಲ್ಲ. ಪಕ್ಕದಾಗೇ ಇದ್ದೆ, ಕೇಳ್ಲಿಲ್ಲ. ಇವಳು ಇಲ್ದಿದ್ರೆ ನಿನ್ನ ಜೀವ ನನ್ನ ತಲೆ ಮೇಲೆ ಬರ್ತಿತ್ತು. ನನಗೆ ಕೇಳ್ಲಿ ಅಂತ ಕೂಗಿ ಕೂಗಿ ಇವಳ ಗಂಟಲು ಹೋಗೈತೆ. ನೀವೆಲ್ಲ ಬಾಯಿ ಜೋರು ಅಂತಿದ್ರಿ. ನಾನೂ ಅಂದೆ. ಅದು ಜೋರಲ್ಲ."

ಅದು ಏನು ಎಂದು ಹೇಳಲು ಅವನಿಗೆ ಪದ ಸಿಗಲಿಲ್ಲ. ಬೊಮ್ಮಕ್ಕ ಕುತ್ತಿಗೆ ಮುಟ್ಟಿಕೊಂಡು, ಜಾಲರಿಯನ್ನು ಒಮ್ಮೆ ನೋಡಿ, ತನ್ನ ಡಬ್ಬಿಯನ್ನು ನೆಲದ ಮೇಲೆ ಮುಂದಕ್ಕೆ ತಳ್ಳಿದಳು. ಶಿವಗಂಗಮ್ಮ ಬಾಗಿಲ ಚೌಕಟ್ಟು ಹಿಡಿದು ನೆಲ ನೋಡುತ್ತಿದ್ದಳು. ಆಗ ಮೂಲೆಯಲ್ಲಿ ರಾಗಿಯ ಚೀಲದ ಮೇಲೆ ಕೂತಿದ್ದ ಅಜ್ಜಮ್ಮ, ಓಣಿಗೇ ಹಿರಿಯಳು, ಹಲ್ಲಿಲ್ಲದ ಬಾಯಲ್ಲಿ ಏನೋ ಹೇಳಿದಳು. ಹಲ್ಲಿಲ್ಲದ ಬಾಯಿಯನ್ನು ಓದುವುದು ಎಲ್ಲಕ್ಕಿಂತ ಕಷ್ಟ.

"ಅಜ್ಜಮ್ಮ, ಕೇಳ್ಲಿಲ್ಲ. ಇನ್ನೊಂದ್ಸಲ ಹೇಳು" ಅಂದ.

ಮುದುಕಿ ಮೊಣಕಾಲು ಒತ್ತಿ ಎದ್ದಳು. ಡಬ್ಬಿಗಳನ್ನು ಸುತ್ತಿ ಬಂದು, ಅವನ ಗದ್ದ ಹಿಡಿದು, ಕೂಸಿನ ಮುಖ ತಿರುಗಿಸುವ ಹಾಗೆ ತನ್ನ ಕಡೆ ತಿರುಗಿಸಿಕೊಂಡಳು. ಒಂದೊಂದೇ ಪದವನ್ನು ಅವನ ಮುಖದೊಳಕ್ಕೆ ಹೇಳಿದಳು:

"ಅವಳಿಗೆ ಬಿಸಿನೀರು ಕೊಡ್ತಿದ್ದೀಯೇನೋ ಅಂದೆ."

"ಕೊಡ್ತೀನಿ" ಅಂದು ಅವನು, ಗಿರಣಿ ಹಾಗೇ ಬಿಟ್ಟು, ಒಳಗೆ ಹೋಗಿ ಒಲೆ ಹಚ್ಚಿದ.